ದುರ್ಬೀನಿಗೆ ಎಣ್ಣೆ ಹಾಕಿದವರು

ಇಳಕಲ್

ಯಂತ್ರ ಕಿರ್ ಎಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ಯಾರದೋ ಮನೆಗೆ ಹೋದಾಗ ಬಾಗಿಲು ಕಿರುಗುಟ್ಟಿದರೆ, ಒಳಗಿನಿಂದ ಚಹಾ ಬರುವಷ್ಟರಲ್ಲಿ ಅದರ ಬಿಜಾಗರಿಗೆ ಎಣ್ಣೆ ಬಿಟ್ಟು ಕೂತಿರುತ್ತೇನೆ. ಮೂವತ್ತೆಂಟು ವರ್ಷ ಇಳಕಲ್ಲಿನ ಪವರ್‌ಲೂಮ್ ಮಗ್ಗಗಳ ರಿಪೇರಿಯಲ್ಲೇ ಕಳೆದವನು ನಾನು. ಮಂದಿ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ನನ್ನ ಜೇಬಿನಲ್ಲಿ ಸಣ್ಣದೊಂದು ಎಣ್ಣೆ ಕುಪ್ಪಿ ಇರುತ್ತದೆ. ಅಂಗಿ ಒಗೆಯುವಾಗಲೆಲ್ಲ ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ. ಇಂಥವನ ಕೈಗೆ ಮಹಾಂತೇಶ ತನ್ನ ದುರ್ಬೀನು ಕೊಟ್ಟ.

ಮಹಾಂತೇಶ ಮತ್ತು ನಾನು ಹುನಗುಂದದ ಸಾಲೆಯಲ್ಲಿ ಒಂದೇ ಬೆಂಚಿನವರು. ಅವನು ಓದಿ ಬಾದಾಮಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದ, ನಾನು ಮಗ್ಗದ ಮಿಸ್ತ್ರಿಯಾದೆ. ಊರಿಗೆಲ್ಲ ಅವನು ಸರ್, ನನಗೆ ಮಾತ್ರ ಮಾಂತ್ಯಾ. ಅವನಿಗೆ ನಾನು ಈರ್ಯಾ. ಇಪ್ಪತ್ತು ವರ್ಷದಿಂದ ಮಾಳಿಗೆ ಮೇಲೆ ದುರ್ಬೀನು ನಿಲ್ಲಿಸಿ ಆಕಾಶದ ಫೋಟೊ ತೆಗೆಯುವ ಹುಚ್ಚು ಅವನಿಗೆ. ಬಾದಾಮಿಯಿಂದ ಕಾಣುವುದನ್ನೆಲ್ಲ ತೆಗೆದು ಮುಗಿಸಿದ್ದಾನೆ. ಒಂದು ಮಾತ್ರ ಉಳಿದಿತ್ತು, ದೊಡ್ಡ ಮೆಗಲಾನ್ ಮೋಡ. ಹೆಸರಿಗೆ ಮೋಡವಾದರೂ ಅದು ನಮ್ಮ ಆಕಾಶಗಂಗೆಯ ಪಕ್ಕದ ಮನೆ, ಲೆಕ್ಕವಿಲ್ಲದಷ್ಟು ನಕ್ಷತ್ರಗಳ ಇನ್ನೊಂದು ಸಂಸಾರ. ನಮ್ಮ ಕಡೆ ಅದು ದಿಗಂತದ ಧೂಳಿನಲ್ಲೇ ಹುಟ್ಟಿ ಧೂಳಿನಲ್ಲೇ ಮುಳುಗುತ್ತದೆ. ನೋಡಬೇಕೆಂದರೆ ಭೂಮಧ್ಯರೇಖೆ ದಾಟಿ ಹೋಗಬೇಕು.

ಈ ವರ್ಷ ಅವನ ನೌಕರಿಯ ಕೊನೆಯ ಬೇಸಿಗೆ ರಜೆ. ನಮೀಬಿಯಾ ಎಂಬ ದೇಶದಲ್ಲಿ, ಊರುಗಳಿಂದ ದೂರದ ಕುರಿ ಫಾರ್ಮಿನ ಮನೆಯೊಂದರಲ್ಲಿ ಆಕಾಶ ನೋಡುವವರಿಗೆ ಕೋಣೆ ಕೊಡುತ್ತಾರೆಂದು ಗೊತ್ತುಮಾಡಿದ. ಅಮಾವಾಸ್ಯೆಯ ಆಸುಪಾಸು ಮೂರು ಸಂಜೆ ಸಿಗುತ್ತಿದ್ದವು. ಅವನ ಹೆಂಡತಿಗೆ ವಿಮಾನವೆಂದರೆ ಎದೆ ಹೊಡೆದುಕೊಳ್ಳುತ್ತದೆ, ಹಾಗಾಗಿ ನನ್ನನ್ನು ಹೊರಡಿಸಿದ. ಭಾರ ಎತ್ತಲು ಒಬ್ಬ, ಕೆಟ್ಟರೆ ರಿಪೇರಿಗೆ ಒಬ್ಬ, ಎರಡೂ ಒಬ್ಬನೇ ಆದರೆ ಅಗ್ಗ ಎಂದು ಚಾಷ್ಟಿ ಮಾಡಿದ. ಆಮೇಲೆ ತಗ್ಗಿದ ದನಿಯಲ್ಲಿ, ಇನ್ನೊಮ್ಮೆ ಹೋಗುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದೂ ಅಂದ.

ದುರ್ಬೀನಿಗೆ ಗಟ್ಟಿ ಪೆಟ್ಟಿಗೆ ಮಾಡುವ ಕೆಲಸ ನನ್ನದಾಯಿತು. ಹಳೆಯ ಕೈಮಗ್ಗದ ಸಾಗವಾನಿ ಹಲಗೆಯಲ್ಲಿ ಪೆಟ್ಟಿಗೆ ಕಟ್ಟಿ, ಒಳಗೆ ಸೀರೆಯ ತುಂಡುಗಳನ್ನು ಒತ್ತಾಗಿ ಹೊಲಿದು ಹಾಸಿದೆ. ದುರ್ಬೀನು ಬಿಟ್ಟುಹೋಗುವಾಗ ಅವನು ಒಳಗಿನ ಯಾವುದನ್ನೂ ಮುಟ್ಟಬೇಡ ಎಂದಿದ್ದ. ನಾನು ಮುಟ್ಟಲಿಲ್ಲ. ಆದರೆ ದುರ್ಬೀನಿನ ಹಿಂದೆ ಕ್ಯಾಮೆರಾ ಕೂರಿಸುವ ಒಂದು ಕೊಳವೆ ಇದೆ, ಫೋಕಸರ್ ಎನ್ನುತ್ತಾರೆ. ಸಣ್ಣ ಮೋಟರು ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತದೆ. ಸರಿಯಾದ ಜಾಗಕ್ಕೆ ಬಂದರೆ ನಕ್ಷತ್ರ ಸೂಜಿಮೊನೆ, ತಪ್ಪಿದರೆ ಬೂಂದಿ ಕಾಳು. ಆ ಕೊಳವೆಯನ್ನು ಕೈಯಿಂದ ಸರಿಸಿ ನೋಡಿದೆ. ಧೂಳು ಹಿಡಿದು ಮನಸ್ಸಿಲ್ಲದ ಎತ್ತಿನ ಹಾಗೆ ಸರಿಯಿತು. ಪಾಪ ಅನ್ನಿಸಿತು. ಎರಡು ಹನಿ ಮಗ್ಗದ ಎಣ್ಣೆ ಬಿಟ್ಟೆ, ಬೆಣ್ಣೆಯಾಯಿತು. ಅದನ್ನು ನಾನು ಮುಟ್ಟಿದ್ದೆಂದು ಎಣಿಸಲೇ ಇಲ್ಲ. ನಮ್ಮಲ್ಲಿ ಎಣ್ಣೆ ಹಾಕುವುದು ಉಪಚಾರ.

ಕುಳಗೇರಿ ಕ್ರಾಸ್, ಆಮೇಲೆ ವಿಂಡ್‌ಹುಕ್

ಇಳಕಲ್ಲಿನಿಂದ ಕಾರು ಮಾಡಿಕೊಂಡು ಹೊರಟೆ. ಮಹಾಂತೇಶ ಕುಳಗೇರಿ ಕ್ರಾಸಿನಲ್ಲಿ ಚಹಾದಂಗಡಿ ಮುಂದೆ, ಮದುವೆ ಗಂಡಿನಂತೆ ಹೊಸ ಬೂಟು ಹಾಕಿಕೊಂಡು ನಿಂತಿದ್ದ. ಕಾರು ಹತ್ತಿದವನೇ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹುಬ್ಬಳ್ಳಿ ಬರುವವರೆಗೂ ಇಳಿಸಲಿಲ್ಲ.

ವಿಂಡ್‌ಹುಕ್ ಆ ದೇಶದ ರಾಜಧಾನಿ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ದುರ್ಬೀನನ್ನು ಬಿಟ್ಟು ನಮ್ಮ ಖಡಕ್ ರೊಟ್ಟಿಯ ಗಂಟನ್ನು ಹಿಡಿದ. ಒಂದು ರೊಟ್ಟಿ ಎತ್ತಿ ಮೇಜಿಗೆ ತಟ್ಟಿದ, ಟಕಟಕ ಎಂದಿತು. ಇದು ತಿನ್ನುವ ವಸ್ತುವೇ ಎಂದು ನಂಬಿಸಲು ನಾನು ಒಂದು ಮುರಿದು ಶೇಂಗಾ ಚಟ್ನಿಪುಡಿ ಹಚ್ಚಿ ಅವನೆದುರೇ ತಿಂದು ತೋರಿಸಬೇಕಾಯಿತು. ಅವನೂ ಒಂದು ಚೂರು ತಿಂದ. ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ನಗುತ್ತಲೇ ನಮ್ಮನ್ನು ಹೊರಗೆ ಕಳಿಸಿದ.

ಆ ಊರಿನವರ ಒಂದು ರೂಢಿ ನನಗೆ ಭಾಳ ಹಿಡಿಸಿತು. ಅಂಗಡಿಗೆ ಹೋಗಿ ನೀರಿನ ಬಾಟಲಿ ಕೊಡಿ ಎಂದೆ. ಅಂಗಡಿಯ ಹೆಣ್ಣುಮಗಳು ಬಾಟಲಿ ಕೊಡದೆ, ನಮಸ್ಕಾರ, ಹೇಗಿದ್ದೀರಿ ಎಂದಳು. ನಾನು ಮತ್ತೆ ನೀರು ಎಂದೆ. ನನಗೆ ಕಿವಿ ಕೇಳಿಸುವುದಿಲ್ಲವೇನೋ ಎಂದು ಅವಳಿಗೆ ಅನ್ನಿಸಿರಬೇಕು, ಇನ್ನೊಮ್ಮೆ ಹೇಗಿದ್ದೀರಿ ಎಂದಳು. ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ ಎಂದ ಮೇಲೆಯೇ ಬಾಟಲಿ ಬಂತು. ಅಲ್ಲಿ ಪೊಲೀಸನನ್ನು ದಾರಿ ಕೇಳುವುದಕ್ಕೂ ಮೊದಲು ಕ್ಷೇಮ ಕೇಳಬೇಕು. ನಮ್ಮ ಕಡೆ ಊಟ ಆತೇನ್ರಿ ಎನ್ನದೆ ಮಾತು ಶುರುವಾಗದಲ್ಲ, ಹಾಗೆಯೇ. ಬೆಂಗಳೂರಿನಲ್ಲಿ ಇಳಿದಾಗ ಪರಸ್ಥಳ ಅನ್ನಿಸಿದಷ್ಟು ನನಗೆ ಇಲ್ಲಿ ಅನ್ನಿಸಲಿಲ್ಲ.

ಫಾರ್ಮಿನ ಮನೆ, ಮೊದಲ ಸಂಜೆ

ನಮ್ಮನ್ನು ಕರೆದೊಯ್ಯಲು ಫಾರ್ಮಿನಿಂದ ಗಾಡಿ ಬಂದಿತ್ತು. ದಾರಿಯಲ್ಲಿ ಎಣಿಸಿದರೆ ಒಂಬತ್ತು ಗೇಟು. ಪ್ರತಿ ಗೇಟಿಗೂ ಡ್ರೈವರ್ ಪಕ್ಕದಲ್ಲಿ ಕೂತವನೇ ಇಳಿದು ತೆಗೆಯಬೇಕು, ಗಾಡಿ ದಾಟಿದ ಮೇಲೆ ಹಾಕಬೇಕು. ಅದು ಅಲ್ಲಿಯ ಕಾನೂನು. ಮಹಾಂತೇಶನ ತೊಡೆಯ ಮೇಲೆ ಪೆಟ್ಟಿಗೆ ಇದ್ದುದರಿಂದ ಒಂಬತ್ತೂ ಗೇಟು ನನ್ನ ಪಾಲಿಗೆ ಬಂದವು. ಆರು ಗೇಟಿನಲ್ಲಿ ಕೀಲು ಕಿರುಗುಟ್ಟುತ್ತಿತ್ತು. ಆರಕ್ಕೂ ಎಣ್ಣೆ ಬಿಟ್ಟೆ.

ಮನೆಯೊಡತಿ ಹಿಲ್ಡಾ ಎಪ್ಪತ್ತು ದಾಟಿದ ಹೆಂಗಸು. ಮಾತು ಕಡಿಮೆ. ನೀರೆತ್ತುವ ಗಾಳಿಯಂತ್ರಕ್ಕೆ ತಾನೇ ಏಣಿ ಹತ್ತಿ ಗ್ರೀಸು ಹಚ್ಚುತ್ತಾಳೆ. ಅವಳ ಉಗುರಿನ ಸಂದಿಯ ಕಪ್ಪು ನೋಡಿದ ಕೂಡಲೇ ನನಗೆ ಗೌರವ ಬಂತು. ಸುತ್ತ ಒಣ ಹುಲ್ಲು, ಕಲ್ಲು, ದೂರದಲ್ಲಿ ಕುರಿ. ನೀರಾವರಿ ಬರುವುದಕ್ಕೆ ಮೊದಲಿನ ನಮ್ಮ ಹುನಗುಂದ ತಾಲೂಕಿನ ರಾಮಥಾಳದ ಬಯಲನ್ನು ಹತ್ತು ಪಟ್ಟು ಹಿಗ್ಗಿಸಿದರೆ ಹೀಗಿರುತ್ತದೆ. ಅಡುಗೆಯ ಸೆಲ್ಮಾ ಆ ದೇಶದ ಬಡಗಣ ಸೀಮೆಯವಳು. ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಅವಳಿಗೆ ನಮ್ಮ ಬಗ್ಗೆ ನಿಜವಾಗಿ ಮರುಕ ಹುಟ್ಟಿತು. ಒಳಗೆ ಹೋಗಿ ತನಗೆಂದು ಇಟ್ಟುಕೊಂಡಿದ್ದ ಹಿಟ್ಟಿನಲ್ಲಿ ಗಟ್ಟಿ ಮುದ್ದೆ ಮಾಡಿ ತಂದಳು. ಬಾಯಿಗಿಟ್ಟ ಮಹಾಂತೇಶ ನನ್ನ ಮುಖ ನೋಡಿದ. ಸಜ್ಜೆ! ಖರೆ ಸಜ್ಜೆ, ನಮ್ಮ ಸಂಕ್ರಮಣದ ಸಜ್ಜೆ. ಮರುದಿನವೇ ನಾನು ಅವಳ ಅಡುಗೆಮನೆಯಲ್ಲಿ ಆ ಹಿಟ್ಟು ನಾದಿ ರೊಟ್ಟಿ ಬಡಿದೆ. ಬಡಿಯುವ ಸದ್ದಿಗೆ ಹಿಲ್ಡಾ ಏನಾಯಿತೆಂದು ಓಡಿ ಬಂದಳು.

ಸಂಜೆ ಆರರ ಮೇಲೆ ಹೊತ್ತು ಮುಳುಗಿತು. ಏಳೂಕಾಲಿಗೆಲ್ಲ ಕಪ್ಪು ಕತ್ತಲೆ, ಮೈ ನಡುಗಿಸುವ ಚಳಿ. ನಮ್ಮಲ್ಲಿ ಗುಡ್ಡದ ಅಂಚಿನಲ್ಲಿ ಇಣುಕಿ ಹೋಗುವ ಅಗಸ್ತ್ಯ ನಕ್ಷತ್ರ ಇಲ್ಲಿ ಯಜಮಾನನ ಹಾಗೆ ಮೇಲೆ ಕೂತಿತ್ತು. ಅದರ ಕೆಳಗೆ, ನೈಋತ್ಯಕ್ಕೆ, ಬರಿಗಣ್ಣಿಗೇ ಕಾಣುವಂತೆ ಆ ಮೋಡ. ಮಗ್ಗದ ಶೆಡ್ಡಿನಲ್ಲಿ ಹತ್ತಿಯ ನವಿರು ಹಾರಿ ಕಿಟಕಿಯ ಬೆಳಕಿನಲ್ಲಿ ನಿಲ್ಲುತ್ತದಲ್ಲ, ಅಷ್ಟೇ ಹಗುರ. ಮಹಾಂತೇಶ ಅದಕ್ಕೆ ಕೈಮುಗಿದ. ಆಮೇಲೆ ದುರ್ಬೀನನ್ನು ಅಗಸ್ತ್ಯನಿಗೆ ತಿರುಗಿಸಿ ಫೋಕಸ್ ಮಾಡಲು ಕೂತ.

ಆಗಲಿಲ್ಲ. ಮೋಟರು ಗುಯ್ ಎನ್ನುತ್ತದೆ, ಲ್ಯಾಪ್‌ಟಾಪಿನಲ್ಲಿ ಅಂಕಿ ಓಡುತ್ತದೆ, ನಕ್ಷತ್ರ ಮಾತ್ರ ಬೂಂದಿಯಾಗಿಯೇ ಉಳಿಯುತ್ತದೆ. ಅವನು ವೈರು ಬದಲಿಸಿದ. ಬ್ಯಾಟರಿ ಬದಲಿಸಿದ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದ, ಅದರೊಳಗಿನ ಪ್ರೋಗ್ರಾಮನ್ನು ಅಳಿಸಿ ಮತ್ತೆ ಹಾಕಿದ. ಮೋಟರಿಗೂ ಕೊಳವೆಗೂ ನಡುವಿನ ಸಡಿಲವನ್ನು ಲೆಕ್ಕ ಹಾಕಿ ಅಂಕಿ ಕೊಟ್ಟ. ಒಂಬತ್ತರ ಸುಮಾರಿಗೆ ಮೋಡ ಕೆಳಗಿಳಿಯಿತು, ಒಂದೂ ಫೋಟೊ ಇಲ್ಲದೆ ನಾವೂ ಒಳಗೆ ಬಂದೆವು. ಮೂರರಲ್ಲಿ ಒಂದು ಸಂಜೆ ಹೋಯಿತು.

ಗಾಳಿಯಂತ್ರದ ರೆಕ್ಕೆ

ಬೆಳಗಾದ ಮೇಲೆ, ಬಿಸಿಲು ಏರಿದಾಗ, ನಾನೇ ಒಂದು ಯುಕ್ತಿ ಹೇಳಿದೆ. ಹಗಲಿನಲ್ಲಿ ದೂರದ ವಸ್ತುವನ್ನು ಹಿಡಿದು ನೋಡೋಣ. ಎರಡು ಕಿಲೋಮೀಟರ್ ಆಚೆ ಇನ್ನೊಂದು ಗಾಳಿಯಂತ್ರ ಇತ್ತು. ದುರ್ಬೀನನ್ನು ಅಡ್ಡ ಮಲಗಿಸಿದಂತೆ ಅದರ ಕಡೆ ತಿರುಗಿಸಿದೆವು. ಗುಂಡಿ ಒತ್ತಿದರೆ ಕೊಳವೆ ಬೆಣ್ಣೆಯ ಹಾಗೆ ಸರಿಯಿತು. ರೆಕ್ಕೆಯ ಮೇಲಿನ ತುಕ್ಕು ಕೂಡ ಕಂಡಿತು. ಮಹಾಂತೇಶ ನನ್ನನ್ನು ಅಪ್ಪಿಕೊಂಡು ಬೆನ್ನಿಗೆ ಗುದ್ದಿದ. ರಾತ್ರಿ ಯಾವುದೋ ವೈರು ಸಡಿಲಾಗಿತ್ತು ಎಂದು ತೀರ್ಮಾನಿಸಿದ. ಮಧ್ಯಾಹ್ನವೆಲ್ಲ ಹಾಡು ಹೇಳಿಕೊಂಡು ತಿರುಗಿದ. ಅವನ ಹಾಡು ಕೇಳಿ ಹಿಲ್ಡಾಳ ನಾಯಿ ಎದ್ದು ಆಚೆ ಹೋಯಿತು.

ಎರಡನೆಯ ಸಂಜೆ

ಮತ್ತೆ ಅದೇ ಕಥೆ. ಮೇಲಕ್ಕೆ ತಿರುಗಿಸಿದ ಕೂಡಲೇ ಅಂಕಿ ಓಡುತ್ತದೆ, ನಕ್ಷತ್ರ ಕದಲುವುದಿಲ್ಲ.

ಮಗ್ಗ ನಿಂತರೆ ನಾವು ಮೋಟರಿನಿಂದ ಶುರುಮಾಡಿ ಒಂದೊಂದೇ ಗಾಲಿ ನೋಡುತ್ತ ಬಟ್ಟೆಯವರೆಗೆ ಬರುತ್ತೇವೆ. ಚಲನೆ ಎಲ್ಲಿ ಸತ್ತಿತೋ ಅಲ್ಲಿ ರೋಗ. ಈ ಸಲ ಅದನ್ನೇ ಮಾಡಿದೆ. ಮೋಟರಿನ ಕಡ್ಡಿಗೆ ಒಂದು ಕೆಂಪು ರೇಷ್ಮೆ ಎಳೆ ಕಟ್ಟಿದೆ. ಎಳೆ ತಿರುಗಿತು. ಮುಂದಿನ ಉರುಳೆಗೆ ಕಟ್ಟಿದೆ, ಅದೂ ತಿರುಗಿತು. ಕೊಳವೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಗೆರೆ ಇದ್ದಲ್ಲೇ ಇತ್ತು. ಅಂದರೆ ಉರುಳೆ ತಿರುಗುತ್ತಿದೆ, ಕೊಳವೆ ಸರಿಯುತ್ತಿಲ್ಲ. ಬ್ಯಾಟರಿ ಬೆಳಕಿನಲ್ಲಿ ಬಗ್ಗಿ ನೋಡಿದೆ. ಮಗ್ಗದ ಗಾಲಿಗೆ ಇರುವಂಥ ಹಲ್ಲೇ ಅಲ್ಲಿರಲಿಲ್ಲ. ನುಣ್ಣಗಿನ ಉರುಳೆ ನುಣ್ಣಗಿನ ಕೊಳವೆಯನ್ನು ಒತ್ತಿ, ಬರೀ ತಿಕ್ಕಾಟದಿಂದ ಎಳೆಯುವ ಯಂತ್ರ ಅದು. ಆ ಒತ್ತುವ ಜಾಗ ಪಳಪಳ ಹೊಳೆಯುತ್ತಿತ್ತು.

ಮಗ್ಗದ ಬೆಲ್ಟಿಗೆ ಎಣ್ಣೆ ಬಿದ್ದರೆ ಏನಾಗುತ್ತದೆಂದು ಇಳಕಲ್ಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊರೆಯಿಲ್ಲದಾಗ ತಿರುಗುತ್ತದೆ, ಹೊರೆ ಬಿದ್ದಾಗ ಜಾರುತ್ತದೆ. ಅಡ್ಡ ಮಲಗಿದಾಗ ಕ್ಯಾಮೆರಾದ ಭಾರ ಇಲ್ಲ, ಮೇಲೆ ನೋಡಿದಾಗ ಇಡೀ ಭಾರ ಜೋತುಬೀಳುತ್ತದೆ. ಜೇಬಿನಲ್ಲಿದ್ದ ಕುಪ್ಪಿಯ ಮೇಲೆ ಕೈ ತಾನಾಗಿ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ.

ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮಹಾಂತೇಶ ಪೆಟ್ಟಿಗೆಯ ಮೇಲೆ ಕೂತು ಮುಖ ಮುಚ್ಚಿಕೊಂಡ.

"ಬಿಡಲೇ ಈರ್ಯಾ, ಸಾಕು. ನಾನ ಏನೋ ಮಾಡಿ ಕೆಡಿಸೀನಿ. ಯಾರದೂ ತಪ್ಪಿಲ್ಲ."

ಅವನು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡದ್ದು ಕೇಳಿ ನಾನು ಬಗ್ಗಿ ವೈರು ಸುತ್ತತೊಡಗಿದೆ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ನಾನು ಹೇಡಿ, ಆ ರಾತ್ರಿ ಏನೂ ಹೇಳಲಿಲ್ಲ.

ನೀರಿನ ತೊಟ್ಟಿ

ಬೆಳಿಗ್ಗೆ ಅವನು ಕುರಿಗಳ ನೀರಿನ ತೊಟ್ಟಿಯ ಹತ್ತಿರ ಚಹಾ ಹಿಡಿದು ನಿಂತಿದ್ದ. ಉಳಿದಿದ್ದು ಒಂದೇ ಸಂಜೆ. ಹೋಗಿ ಎದುರು ನಿಂತು ಹೇಳಿಬಿಟ್ಟೆ.

"ಮಾಂತ್ಯಾ, ನಾ ಎಣ್ಣಿ ಹಾಕೀನಿ ಅದಕ್ಕ. ಇಳಕಲ್ಲದಾಗ. ಎರಡು ಹನಿ. ಅದಕ್ಕ ಜಾರಾಕತ್ತೈತಿ."

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ತನ್ನ ಬೂಟನ್ನೇ ನೋಡುತ್ತ ಭಾಳ ಹೊತ್ತು ನಿಂತ. ಚಹಾ ಆರಿತು. ಸ್ಪಿರಿಟ್ಟಿನಿಂದ ಒರೆಸಿದರೆ ಸರಿಯಾಗಬಹುದು, ಬಿಚ್ಚಬೇಕು ಎಂದು ನಾನೇ ಮುಂದುವರಿಸಿದೆ. ಬಿಚ್ಚು ಎಂದ. ತಾನು ಅಲ್ಲಿರುವುದಿಲ್ಲ ಎಂದ. ಹಿಲ್ಡಾ ಬೇಲಿ ನೋಡಲು ಗಾಡಿ ತೆಗೆಯುತ್ತಿದ್ದಳು, ಅವಳ ಪಕ್ಕದಲ್ಲಿ ಹತ್ತಿ ಕೂತ. ಗೇಟು ತೆಗೆಯುವ ಕೆಲಸವನ್ನು ತಾನಾಗಿ ವಹಿಸಿಕೊಂಡು ಹೊರಟ. ಐವತ್ತು ವರ್ಷದ ಸ್ನೇಹದಲ್ಲಿ ಅವನು ನನಗೆ ಬೆನ್ನು ತಿರುಗಿಸಿ ಹೋದದ್ದು ಅದೇ ಮೊದಲು. ನನಗೆ ಅಳು ಬಂತು, ಮುಚ್ಚಿಡುವುದೇಕೆ.

ಸೆಲ್ಮಾಳ ಮೇಜು

ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಫೋಕಸರನ್ನು ಬಿಚ್ಚಿದೆ. ಒಂದೊಂದು ಸ್ಕ್ರೂ ತೆಗೆದಂತೆ ಸೆಲ್ಮಾ ಒಂದೊಂದು ಚಹಾದ ಬಸಿಯಲ್ಲಿ ಅದನ್ನು ಇಟ್ಟುಕೊಂಡಳು. ಕುರಿಗಳಿಗೆ ಸೂಜಿ ಚುಚ್ಚುವಾಗ ಬಳಸುವ ಸ್ಪಿರಿಟ್ಟಿನ ಬಾಟಲಿ ತಂದುಕೊಟ್ಟಳು. ಅವಳಿಗೂ ಹೇಳಿದೆ, ನನ್ನದೇ ತಪ್ಪು ಎಂದು. ಅವಳು ತಲೆಯಾಡಿಸಿದಳು. ತಪ್ಪು ಮಾಡಿದವನು ಹಸಿದುಕೊಂಡು ಕೆಲಸ ಮಾಡಬಾರದು ಎಂಬಂತೆ ತಟ್ಟೆಯಲ್ಲಿ ಮುದ್ದೆ ಇಟ್ಟಳು.

ಮೊದಲ ಬಟ್ಟೆಯಲ್ಲಿ ನನ್ನ ಎಣ್ಣೆ ಬಂತು, ತುಸು ಕಪ್ಪಗೆ, ಅದರ ವಾಸನೆ ನನ್ನ ಮೈವಾಸನೆಯಷ್ಟೇ ಪರಿಚಯ. ಎರಡನೆಯ ಬಟ್ಟೆಯಲ್ಲಿ ಬೇರೆ ಏನೋ ಬಂತು. ಉರುಳೆಯ ಸುತ್ತ, ಕೊಳವೆಯ ಅಡಿಯಲ್ಲಿ ಬೆಳ್ಳಗೆ, ಮೇಣದ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಮಗ್ಗದ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಬೆರಳಿಗೆ ಹಚ್ಚಿ ಮೂಸಿದೆ. ಸೆಲ್ಮಾಳೂ ಬಗ್ಗಿ ಮೂಸಿ, ನಕ್ಕು, ತನ್ನ ಕೂದಲು ಮುಟ್ಟಿ ತೋರಿಸಿದಳು.

ಕೊಬ್ಬರಿ ಎಣ್ಣೆ.

ನನ್ನ ಮನೆಯಲ್ಲಿ ಈ ದುರ್ಬೀನಿನ ಹತ್ತಿರ ಕೊಬ್ಬರಿ ಎಣ್ಣೆ ಸುಳಿದಿಲ್ಲ. ಅದು ಇಳಕಲ್ಲಿಗೆ ಬರುವ ಮೊದಲೇ ಬಾದಾಮಿಯಲ್ಲಿ ಹಾಕಿದ್ದು. ಬಿಸಿಲಿಗೆ ಕರಗಿ ಧೂಳು ಹಿಡಿದಿತ್ತು, ಇಲ್ಲಿಯ ಚಳಿಗೆ ಗಟ್ಟಿಯಾಗಿತ್ತು. ನನ್ನ ಶೆಡ್ಡಿನಲ್ಲಿ ಎಲ್ಲಕ್ಕೂ ಎಣ್ಣೆಯದೇ ವಾಸನೆ, ಹಾಗಾಗಿ ಅಲ್ಲಿ ನನಗೆ ಗೊತ್ತಾಗಲಿಲ್ಲ. ಈಗ ಗೊತ್ತಾಯಿತು. ಬೆಳಿಗ್ಗೆ ಅವನು ಬೂಟು ನೋಡುತ್ತ ನಿಂತದ್ದು ಸಿಟ್ಟಿನಿಂದಲ್ಲ ಎಂಬುದೂ ಗೊತ್ತಾಯಿತು.

ಒಂದು ಗಳಿಗೆ ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇಡೀ ತಪ್ಪು ನನ್ನದೆಂದು ತೊಟ್ಟಿಯ ಹತ್ತಿರ ನಿಂತು ಒಪ್ಪಿಕೊಂಡಿದ್ದೆ, ಅವನು ಕೇಳಿಸಿಕೊಂಡು ಗಾಡಿ ಹತ್ತಿದ್ದ. ಆಮೇಲೆ ಯೋಚಿಸಿದೆ. ಅವನು ಮಾಸ್ತರ. ದುರ್ಬೀನಿನ ಪುಸ್ತಕವನ್ನು ಪೂರ್ತಿ ಓದಿದವನು. ನನಗೆ ತಿಳಿಯದೆ ಹಾಕಿದೆ ಎನ್ನುವ ನೆಪವಿದೆ, ಅವನಿಗೆ ಅದೂ ಇಲ್ಲ. ಎರಡನೆಯ ಬಟ್ಟೆಯನ್ನು ಒಲೆಗೆ ಹಾಕಿದೆ. ಈ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗಲಿ ಎಂದುಕೊಂಡೆ.

ಮೂರು ಸಲ ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಮತ್ತೆ ಜೋಡಿಸಿದೆ. ಒತ್ತುವ ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿದೆ. ತಿರುಗಿಸಿದಾಗ ಅದು ಕಿರ್ ಎಂದು ಸಣ್ಣಗೆ ನರಳಿತು. ಕುಪ್ಪಿಯನ್ನು ಸೆಲ್ಮಾಳ ಕೈಗೆ ಕೊಟ್ಟು, ನಾಳೆ ಬೆಳಗಾಗುವವರೆಗೆ ನಾನು ಕೇಳಿದರೂ ಕೊಡಬೇಡ ಎಂದೆ.

ಮೂರನೆಯ ಸಂಜೆ

ಮಹಾಂತೇಶ ಮಧ್ಯಾಹ್ನ ಬಂದ, ಊಟ ಮಾಡಿದ, ನನ್ನ ಕಡೆ ನೋಡದೆ ಮಲಗಿದ. ಕತ್ತಲಾದ ಮೇಲೆ ಇಬ್ಬರೂ ಮಾತಿಲ್ಲದೆ ದುರ್ಬೀನು ನಿಲ್ಲಿಸಿದೆವು. ಅಗಸ್ತ್ಯನ ಕಡೆ ತಿರುಗಿಸಿದ. ಗುಂಡಿ ಒತ್ತಿದ. ಅಂಕಿ ಓಡಿತು, ಬೂಂದಿ ಕಾಳು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಸೂಜಿಮೊನೆಯಾಗಿ ನಿಂತಿತು. ಅವನು ಕಣ್ಣೊರೆಸಿಕೊಂಡು ದುರ್ಬೀನನ್ನು ಮೋಡಕ್ಕೆ ತಿರುಗಿಸಿದ.

ಮೊದಲ ಫೋಟೊ ಲ್ಯಾಪ್‌ಟಾಪಿನಲ್ಲಿ ಮೂಡಿತು. ಬರಿಗಣ್ಣಿಗೆ ಹತ್ತಿಯ ನವಿರಾಗಿದ್ದದ್ದು ಇಲ್ಲಿ ಬಿಡಿಬಿಡಿಯಾಗಿ, ಒಂದೊಂದೂ ನಕ್ಷತ್ರವಾಗಿ, ನಡುನಡುವೆ ಕೆಂಪು ಮಿಣುಕಾಗಿ ಹರಡಿಕೊಂಡಿತ್ತು. ಸಾಲೆಯ ಕರಿಹಲಗೆಯ ಮೇಲೆ ಮೂವತ್ತು ವರ್ಷ ಬರೀ ಹೆಸರು ಬರೆದು ತೋರಿಸಿದ್ದೆ ಎಂದು ಅವನು ತನ್ನಷ್ಟಕ್ಕೇ ಅಂದ. ಹತ್ತು ಫೋಟೊ ಆದವು, ಇಪ್ಪತ್ತಾದವು. ಚಳಿಗೆ ಇಬ್ಬರೂ ಒಂದೇ ಕಂಬಳಿ ಹೊದ್ದು ಪೆಟ್ಟಿಗೆಯ ಮೇಲೆ ಕೂತೆವು.

"ಈರ್ಯಾ, ಬಿಚ್ಚಿದಾಗ ಒಳಗ ಬರೇ ನಿನ್ನ ಎಣ್ಣಿನ ಇತ್ತೇನು?"

ಬರೀ ನನ್ನದೇ ಎಂದೆ.

"ಮತ್ತೇನೂ ವಾಸನಿ ಬರ್ಲಿಲ್ಲೇನು?"

ನನಗೆ ನೆಗಡಿಯಾಗಿದೆ ಎಂದೆ. ಅವನು ನಗಲಿಲ್ಲ.

"ಏಪ್ರಿಲ್‌ದಾಗ ಮಾಳಿಗಿ ಮ್ಯಾಲ ಕಿರ್ ಅಂತಿತ್ತಲೇ. ತಲಿಗೆ ಹಚ್ಚೋ ಎಣ್ಣಿ ಬಾಟ್ಲಿ ಕೈಗೆ ಸಿಕ್ತು. ಎಣ್ಣಿ ಹಾಕಬಾರ್ದು ಅಂತ ಪುಸ್ತಕದಾಗ ದಪ್ಪ ಅಕ್ಷರದಾಗ ಬರದಾರ. ಓದೀನಿ, ಆದ್ರೂ ಹಾಕೀನಿ. ಮುಂಜಾನಿ ನೀ ಬಂದು ನಂದ ತಪ್ಪು ಅಂದಿ ನೋಡು, ನನಗ ಎಷ್ಟು ಹಗುರ ಆತು ಗೊತ್ತೇನು? ಹಂಗ ಹಗುರ ಆದದ್ದಕ್ಕ ನಾಚಿಕಿ ಬಂತು. ನಿನ್ನ ಮಾರಿ ನೋಡಾಕ ಆಗ್ಲಿಲ್ಲ."

ಆಗ ನಾನೂ ಹೇಳಿದೆ, ಬಿಳಿಯದನ್ನು ನೋಡಿದ್ದೆ, ಮೂಸಿದ್ದೆ, ಆ ಬಟ್ಟೆಯನ್ನು ಒಲೆಗೆ ಹಾಕಿದ್ದೆ ಎಂದು. ನೀನು ಹೇಳದಿದ್ದರೆ ನಾನು ಸಾಯುವವರೆಗೆ ಬಾಯಿ ಬಿಡುತ್ತಿರಲಿಲ್ಲ ಎಂದೂ ಹೇಳಿದೆ.

"ಗೊತ್ತಿತ್ತಲೇ," ಎಂದ ಮಹಾಂತೇಶ. "ಅದಕ್ಕ ಹೇಳಿದೆ."